ಪೈಪು ಬಂತು, ನೀರು ಬಿಡುವವನ ಪಗಾರ ಯಾರು ಕೊಡಬೇಕು?

ಜತ್ತ: ಉಮದಿ, ಸಂಖ, ಬಿಳೂರ, ದರಿಬಡಚಿ ಭಾಗದ ಹಳ್ಳಿಗಳಲ್ಲಿ ಬೆಳಗಾದರೆ ಹೆಣ್ಮಕ್ಕಳ ಮೊದಲ ಮಾತು ‘ಇವತ್ತ ನಳಾ ಬಿಡ್ತಾರೇನ?’ ಎಂಬುದೇ. ನಳ ಬಿಡುವವನು ಊರ ಹೊರಗಿನ ಟಾಕಿಯ ಹತ್ತಿರ ಚಾವಿ ಹಿಡಿದು ನಿಂತ ಗ್ರಾಮಪಂಚಾಯತಿ ಕರ್ಮಚಾರಿ. ಗಡಿಯಾಚೆ ಚಡಚಣ, ತಿಕೋಟಾ ಕಡೆ ಅವನಿಗೆ ನೀರಗಂಟಿ ಅಂತಾರೆ. ಇತ್ತ ಜತ್ತ ತಾಲೂಕಿನಲ್ಲಿ ಕಾಗದದ ಮೇಲೆ ಅವನು ಪಾಣಿಪುರವಠಾ ಕರ್ಮಚಾರಿ, ಓಣಿಯ ಮಾತಿನಲ್ಲಿ ‘ನೀರ ಬಿಡಾಂವ’. ಹತ್ತು ವರ್ಷದಿಂದ ಈ ಭಾಗದ ನೀರಿನ ಬಗ್ಗೆ ಎರಡೂ ರಾಜ್ಯಗಳಲ್ಲಿ ಎಷ್ಟು ಭಾಷಣ ಆದವೋ ಲೆಕ್ಕವಿಲ್ಲ. ಆ ಭಾಷಣಗಳಲ್ಲಿ ಇವನ ಹೆಸರು ಮಾತ್ರ ಬಂದದ್ದಿಲ್ಲ.

ಈಗ ಅವನ ಮಾತು ಎತ್ತಲು ಕಾರಣವಿದೆ. ಜಲಜೀವನ ಮಿಷನ್ ಹೆಸರಿನಲ್ಲಿ ಊರೂರಿಗೆ ಪೈಪು ಬಂದಿವೆ, ಹೊಸ ಟಾಕಿ ಎದ್ದಿವೆ. ಇನ್ನೊಂದು ಕಡೆ ವಿಸ್ತಾರಿತ ಮ್ಹೈಸಾಳ ಯೋಜನೆಯ ಆಸೆ ಹುಟ್ಟಿದೆ. ಕಟ್ಟುವುದಕ್ಕೆ ಕೋಟಿಗಟ್ಟಲೆ ಹಣ ಬರುತ್ತದೆ. ಕಟ್ಟಿದ ಮೇಲೆ ದಿನಾ ನಡೆಸುವ ಖರ್ಚು ಊರಿನ ಕೊರಳಿಗೇ ಬೀಳುತ್ತದೆ. ಆ ಖರ್ಚಿನಲ್ಲಿ ಮೊದಲು ಕತ್ತರಿ ಬೀಳುವುದು ನೀರು ಬಿಡುವವನ ಪಗಾರಕ್ಕೆ.

ಗಡಿ, ಕಾಲುವೆ, ಟಿಎಂಸಿ

ಹಿಂದಿನ ಮಾತು ಸ್ವಲ್ಪ ನೆನೆಯಬೇಕು. ನೀರು ಕೊಡುವುದು ಆಗದಿದ್ದರೆ ನಮ್ಮನ್ನು ಕರ್ನಾಟಕಕ್ಕೆ ಬಿಟ್ಟುಕೊಡಿ ಎಂದು ಜತ್ತದ ಸುಮಾರು 40 ಹಳ್ಳಿಗಳು 2012ರ ಬರದಲ್ಲಿ ಠರಾವು ಮಾಡಿದ್ದವು. 2019ರ ಅಕ್ಟೋಬರದಲ್ಲಿ ಮಹಾರಾಷ್ಟ್ರ ವಿಧಾನಸಭೆ ಚುನಾವಣೆಯ ಪ್ರಚಾರಕ್ಕೆ ಬಂದ ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಜತ್ತಕ್ಕೆ ನೀರು ಬಿಡುವ ಭರವಸೆ ಕೊಟ್ಟರು. ಅದಕ್ಕೆ ಕರ್ನಾಟಕದಲ್ಲೇ ಆಕ್ಷೇಪ ಎದ್ದಿತು. 2022ರ ನವೆಂಬರದಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಹಳೆಯ ಠರಾವನ್ನು ಎತ್ತಿ ಹಿಡಿದಾಗ ಜತ್ತದ ಹೆಸರು ದಿಲ್ಲಿ ಟಿವಿಗಳ ತನಕ ಹೋಯಿತು. ಒಂದು ಹಳ್ಳಿಯೂ ಹೋಗುವುದಿಲ್ಲ ಎಂದು ಅಂದಿನ ಉಪಮುಖ್ಯಮಂತ್ರಿ ದೇವೇಂದ್ರ ಫಡಣವೀಸ ಉತ್ತರ ಕೊಟ್ಟರು. ಅದೇ ಹೊತ್ತಿನಲ್ಲಿ ಕರ್ನಾಟಕದ ಕಡೆಯಿಂದ ಹರಿದ ನೀರು ತಿಕ್ಕುಂಡಿ ಕೆರೆಗೆ ಬಂತು. ಜನ ಪೂಜೆ ಮಾಡಿದರು, ಫೋಟೋ ತೆಗೆಸಿಕೊಂಡರು.

ಆ ಗದ್ದಲದಿಂದ ಒಂದು ಒಳ್ಳೆಯದಾಯಿತು. ಬಹಳ ವರ್ಷ ಫೈಲಿನಲ್ಲಿದ್ದ ವಿಸ್ತಾರಿತ ಮ್ಹೈಸಾಳ ಯೋಜನೆಗೆ ಮಹಾರಾಷ್ಟ್ರ ಸರಕಾರ ಸುಮಾರು 2,000 ಕೋಟಿ ರೂಪಾಯಿಯ ಹಾದಿ ತೆರೆಯಿತು. ಮೂಲ ಮ್ಹೈಸಾಳ ಯೋಜನೆಯ ನೀರು ಮುಟ್ಟದೆ ಉಳಿದ ಪೂರ್ವ ಭಾಗದ 65 ಹಳ್ಳಿಗಳಿಗೆ 6 ಟಿಎಂಸಿ ನೀರು ಒದಗಿಸುವುದು ಇದರ ಲೆಕ್ಕ. ಮಿರಜ ತಾಲೂಕಿನ ಮ್ಹೈಸಾಳದಲ್ಲಿ ಕೃಷ್ಣಾ ನದಿಯಿಂದ ಎತ್ತಿದ ನೀರು ಒಂದರ ಮೇಲೊಂದು ಪಂಪ್‌ಹೌಸ್ ದಾಟಿ ಈ ಎತ್ತರದ ಬಯಲಿಗೆ ಬರಬೇಕು.

ಇಲ್ಲೊಂದು ಗೊಂದಲ ಇದೆ. ಮ್ಹೈಸಾಳದ ನೀರು ನೀರಾವರಿ ನೀರು. ಅದರ ಮಾಲೀಕತ್ವ 1996ರಲ್ಲಿ ಹುಟ್ಟಿದ ಮಹಾರಾಷ್ಟ್ರ ಕೃಷ್ಣಾ ಕಣಿವೆ ಅಭಿವೃದ್ಧಿ ಮಹಾಮಂಡಳದ್ದು. ಕುಡಿಯುವ ನೀರಿನ ದೊಡ್ಡ ಯೋಜನೆ ಕಟ್ಟುವುದು ಮಹಾರಾಷ್ಟ್ರ ಜೀವನ ಪ್ರಾಧಿಕರಣ. 1977ರಲ್ಲಿ ಮಂಡಳಿಯಾಗಿ ಶುರುವಾಗಿ 1997ರಲ್ಲಿ ಈ ಹೆಸರು ಪಡೆಯಿತು. ಸಣ್ಣ ಯೋಜನೆ ಜಿಲ್ಲಾ ಪರಿಷತ್ತಿನ ಗ್ರಾಮೀಣ ಪಾಣಿಪುರವಠಾ ವಿಭಾಗದ್ದು. ಊರೊಳಗಿನ ನಳ ಮಾತ್ರ ಗ್ರಾಮಪಂಚಾಯತಿಯದ್ದು. ಸಂಖ, ದೊಡ್ಡನಾಲಾ ಕೆರೆಗಳು ತುಂಬಿದರೆ ಸುತ್ತಲಿನ ಬಾವಿ, ಬೋರು ಏಳುತ್ತವೆ ನಿಜ. ಆದರೆ ಕೆರೆ ತುಂಬಿದ ಮಾತ್ರಕ್ಕೆ ಅಡುಗೆಮನೆಯ ನಳದಲ್ಲಿ ನೀರು ಬರುವುದಿಲ್ಲ. ನಡುವೆ ಮೋಟಾರು, ಕರೆಂಟು, ಟಾಕಿ, ಪೌಡರ್, ವಾಲು ಮತ್ತು ಒಬ್ಬ ಮನುಷ್ಯ ಬೇಕು.

2016ರ ಏಪ್ರಿಲ್‌ದಲ್ಲಿ ಇದೇ ಸಾಂಗಲಿ ಜಿಲ್ಲೆಯ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ಹೋಯಿತು. ಮೊದಲ ಖೇಪಿನಲ್ಲಿ 10 ವ್ಯಾಗನ್, ಸುಮಾರು 5 ಲಕ್ಷ ಲೀಟರ್. ಅದೇ ಕಾಲಕ್ಕೆ ಅದೇ ಜಿಲ್ಲೆಯ ಜತ್ತದಲ್ಲಿ ಜನ ಟ್ಯಾಂಕರ್ ದಾರಿ ಕಾಯುತ್ತಿದ್ದರು. ಲಾತೂರಿಗೆ ನೀರು ಕೊಟ್ಟದ್ದು ತಪ್ಪಲ್ಲ. ಆದರೆ ಒಂದೇ ಜಿಲ್ಲೆಯೊಳಗೆ ಕೃಷ್ಣೆ ಎಷ್ಟು ದೂರ ಎಂಬುದು ಅವತ್ತು ಎಲ್ಲರಿಗೂ ಗೊತ್ತಾಯಿತು.

ಒಬ್ಬನಿಗೆ ನಾಲ್ಕು ಕೆಲಸ

ನೀರು ಬಿಡುವವನ ದಿನ ಗಡಿಯಾರ ನೋಡಿ ನಡೆಯುವುದಿಲ್ಲ, ತ್ರೀ ಫೇಸ್ ಕರೆಂಟು ನೋಡಿ ನಡೆಯುತ್ತದೆ. ಕರೆಂಟು ರಾತ್ರಿ ಎರಡಕ್ಕೆ ಬಂದರೆ ಎರಡಕ್ಕೇ ಎದ್ದು ಬಾವಿಗೆ ಹೋಗಬೇಕು. ಫೇಸ್ ಹೋದಾಗ ಮೋಟಾರು ಬಂದ್ ಮಾಡದಿದ್ದರೆ ಸುಡುತ್ತದೆ. ಸುಟ್ಟರೆ ಬೋರಿನಿಂದ ಮೇಲೆತ್ತಲು ತ್ರಿಪಾಯಿ ತರಬೇಕು, ನಾಲ್ಕು ಜನ ಬೇಕು, ರಿವೈಂಡಿಂಗಿಗೆ ಜತ್ತಕ್ಕೋ ಮಿರಜಕ್ಕೋ ಒಯ್ಯಬೇಕು. ಅಷ್ಟು ದಿನ ಊರಿಗೆ ನೀರಿಲ್ಲ. ಬೈಗುಳ ಮಾತ್ರ ಖಂಡಿತ.

ಟಾಕಿ ತುಂಬಿದ ಮೇಲೆ ಓಣಿ ಓಣಿಗೆ ಪಾಳಿ. ಮೇಲಿನ ಓಣಿಗೆ ಹೆಚ್ಚು ಬಿಟ್ಟರೆ ಕೆಳಗಿನವರ ಜಗಳ, ಕೆಳಗೆ ಬಿಟ್ಟರೆ ಮೇಲಿನವರದ್ದು. ‘ತಮ್ಮಾ, ನಮ್ಮ ಓಣ್ಯಾಗ ಇನ್ನ ಹತ್ತ ಮಿನಿಟ ಬಿಡೋ’ ಎಂದು ಕಾಕಾ ಕೇಳಿದರೆ ಇಲ್ಲ ಎನ್ನುವುದು ಹೇಗೆ? ನಳಕ್ಕೆ ನೇರ ಮೋಟಾರು ಹಚ್ಚಿ ಎಳೆಯುವವರು ಎಷ್ಟೋ ಸಲ ಅವನ ಬಳಗದವರೇ ಆಗಿರುತ್ತಾರೆ. ಸಣ್ಣ ಪಂಚಾಯತಿಗಳಲ್ಲಿ ಇವನೇ ಶಿಪಾಯಿ, ಇವನೇ ಗಟಾರ ಬಳಿಯುವವನು, ಇವನೇ ಪಾಣಿಪಟ್ಟಿ ಪಾವತಿ ಹಿಡಿದು ಮನೆಮನೆ ತಿರುಗುವವನು. ತಾನೇ ನೀರು ಬಿಟ್ಟು ತಾನೇ ರೊಕ್ಕ ಕೇಳಬೇಕು. ಮೂರು ದಿನ ನೀರು ಬರದ ಮನೆಯ ಬಾಗಿಲಿಗೆ ಪಾವತಿ ಪುಸ್ತಕ ಒಯ್ಯುವುದು ಎಂಥ ಕೆಲಸ ಎಂದು ಒಯ್ದವನಿಗೇ ಗೊತ್ತು.

ಇವನ ಪಗಾರದ ಹಾದಿ ತುಸು ಡೊಂಕು. ಗ್ರಾಮಪಂಚಾಯತಿ ಕರ್ಮಚಾರಿಗಳ ಕನಿಷ್ಠ ವೇತನವನ್ನು ರಾಜ್ಯ ಸರಕಾರ 2020ರಲ್ಲಿ ಪರಿಷ್ಕರಿಸಿತು. ಆದರೆ ಪೂರ್ತಿ ಹಣ ಮುಂಬೈಯಿಂದ ಬರುವುದಿಲ್ಲ. ಒಂದು ಪಾಲು ಸರಕಾರದ್ದು, ಉಳಿದದ್ದು ಪಂಚಾಯತಿ ತನ್ನ ಉತ್ಪನ್ನದಿಂದ ಹಾಕಬೇಕು. ಇದರ ಜೊತೆ ಎರಡು ಗಂಟು. ಊರಿನ ಜನಸಂಖ್ಯೆ ನೋಡಿ ಇಷ್ಟೇ ಕರ್ಮಚಾರಿ ಎಂಬ ಆಕೃತಿಬಂಧ ಇದೆ. ಅದರ ಹೊರಗಿನವನಿಗೆ ಸರಕಾರದ ಪಾಲು ಸಿಗದು. ಇನ್ನೊಂದು, 2020ರಿಂದ ಸರಕಾರದ ಪಾಲನ್ನು ಪಂಚಾಯತಿಯ ಕರ ವಸೂಲಿಗೆ ಜೋಡಿಸಲಾಯಿತು. ವಸೂಲಿ ಕಡಿಮೆಯಾದರೆ ಪಗಾರದ ಪಾಲೂ ಕಡಿಮೆ. ಈ ಎರಡೂ ಅಟ ತೆಗೆಯಬೇಕೆಂದು ಕರ್ಮಚಾರಿ ಸಂಘಟನೆಗಳು ಮೋರ್ಚಾ ತೆಗೆಯುತ್ತ ಬಂದಿವೆ. ಜಿಲ್ಲಾ ಪರಿಷತ್ತಿನ ಕೆಳದರ್ಜೆ ನೌಕರಿಯಲ್ಲಿ ಇವರಿಗೆ ಶೇ 10 ಮೀಸಲು ಎಂಬ ಒಂದು ಆಸೆ ಇದೆ. ಆ ಪಾಳಿ ಬರುವ ಹೊತ್ತಿಗೆ ಹಲವರಿಗೆ ವಯಸ್ಸು ಮೀರಿರುತ್ತದೆ.

ವಸೂಲಿಗೆ ಪಗಾರ ಜೋಡಿಸುವುದರಲ್ಲಿ ಮೇಲ್ನೋಟಕ್ಕೆ ಶಿಸ್ತು ಕಾಣುತ್ತದೆ. ಕರ ಏರಿಸುವ ಅಧಿಕಾರ, ಬಾಕಿದಾರನ ನಳ ಕಡಿಯುವ ಅಧಿಕಾರ ಸರಪಂಚ ಮತ್ತು ಪಂಚಾಯತಿಯ ಕೈಯಲ್ಲಿ. ವಸೂಲಿ ಆಗದಿದ್ದರೆ ಸರಪಂಚನಿಗೆ ಮುಂದಿನ ಚುನಾವಣೆಯ ಚಿಂತೆ, ಕರ್ಮಚಾರಿಗೆ ಮುಂದಿನ ತಿಂಗಳ ರೇಶನ್ ಚಿಂತೆ. ಶಿಕ್ಷೆ ತಪ್ಪು ಮನೆಗೆ ಹೋಗಿದೆ ಎನ್ನದೆ ವಿಧಿಯಿಲ್ಲ.

ಲೆಕ್ಕ ಮಾಡಿ ನೋಡಿದರೆ

500 ನಳ ಇರುವ ಒಂದು ಊರು ಎಂದು ಹಿಡಿಯೋಣ. ಜಲಜೀವನ ಮಿಷನ್ ಪ್ರಕಾರ ತಲೆಗೆ ದಿನಕ್ಕೆ 55 ಲೀಟರ್. ಮನೆಗೆ ಐದು ಜನ ಎಂದರೆ ಮನೆಗೆ 275 ಲೀಟರ್, ಊರಿಗೆ 1,37,500 ಲೀಟರ್. ಇಷ್ಟನ್ನು ಟ್ಯಾಂಕರಿನಲ್ಲಿ ತರುವುದಾದರೆ 12 ಸಾವಿರ ಲೀಟರಿನ ಗಾಡಿ ದಿನಕ್ಕೆ ಹನ್ನೊಂದು-ಹನ್ನೆರಡು ಖೇಪು ಹೊಡೆಯಬೇಕು. ಬೋರಿನ ಆಳ, ಟಾಕಿಯ ಎತ್ತರ ಸೇರಿ 100 ಮೀಟರ್ ಎತ್ತಬೇಕೆಂದರೆ, ಹಳೆಯ ಮೋಟಾರಿನಲ್ಲಿ ಅರ್ಧ ಶಕ್ತಿ ವ್ಯರ್ಥವಾಗುತ್ತದೆ ಎಂದು ಹಿಡಿದು, ದಿನಕ್ಕೆ 75 ಯೂನಿಟ್ ಕರೆಂಟು ಬೇಕು. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ ವರ್ಷಕ್ಕೆ ಸುಮಾರು 1 ಲಕ್ಷ 92 ಸಾವಿರ. ಕರ್ಮಚಾರಿಗೆ ತಿಂಗಳಿಗೆ 10 ಸಾವಿರದಂತೆ 1 ಲಕ್ಷ 20 ಸಾವಿರ. ದುರಸ್ತಿ, ಪೌಡರ್ ಸೇರಿ 50 ಸಾವಿರ. ಒಟ್ಟು 3 ಲಕ್ಷ 62 ಸಾವಿರ.

500 ಮನೆಗೆ ಹಂಚಿದರೆ ಮನೆಗೆ ವರ್ಷಕ್ಕೆ ಸುಮಾರು 725 ರೂಪಾಯಿ, ತಿಂಗಳಿಗೆ 60. ಮೊಬೈಲ್ ರಿಚಾರ್ಜಿಗೆ ಇದಕ್ಕಿಂತ ಹೆಚ್ಚು ಹೋಗುತ್ತದೆ. ಎಲ್ಲರೂ ಕೊಟ್ಟರೆ ಇಷ್ಟರಲ್ಲೇ ಊರು ನಡೆಯುತ್ತದೆ. ಅರ್ಧ ಮನೆಗಳು ಮಾತ್ರ ಕೊಟ್ಟರೆ ಬರುವುದು 1 ಲಕ್ಷ 81 ಸಾವಿರ. ಅದು ಕರೆಂಟ್ ಬಿಲ್ಲಿಗೂ ಸಾಲದು. ಆಗ ಪಂಚಾಯತಿ ಏನು ಮಾಡುತ್ತದೆ? ಬಿಲ್ ಕಟ್ಟದಿದ್ದರೆ ಮಹಾವಿತರಣದವರು ಬಂದು ಕನೆಕ್ಷನ್ ಕಡಿಯುತ್ತಾರೆ, ಊರೇ ಎದ್ದು ಕೂಗುತ್ತದೆ. ಪೌಡರ್ ಹಾಕದಿದ್ದರೆ ಕಾವಿಳೆ, ವಾಂತಿಭೇದಿ. ಪಗಾರ ತಡೆದರೆ ಒಬ್ಬನ ಮನೆ ಮಾತ್ರ ಅಳುತ್ತದೆ. ಹೀಗಾಗಿ ತಡೆಯುವುದು ಅದನ್ನೇ.

ಅಂಕಿಗಳು ಊರಿಂದೂರಿಗೆ ಬೇರೆಯಾಗುತ್ತವೆ, ಬೋರು ಆಳವಾದಷ್ಟೂ ಕರೆಂಟು ಏರುತ್ತದೆ. ಆದರೆ ಪಾಣಿಪಟ್ಟಿ ಠರಾವು ಮಾಡುವ ಮೊದಲು ಇಂಥದ್ದೊಂದು ಲೆಕ್ಕವನ್ನು ಗ್ರಾಮಸಭೆಯ ಮುಂದೆ ಇಡುವ ರೂಢಿ ಬೀಳಬೇಕು.

ವಸೂಲಿಯ ಹಂಗಾಮಿನಲ್ಲಿ ಬೀಗ

ಜನ ಕೊಡುವುದಿಲ್ಲ ಎಂಬ ದೂರು ಪಂಚಾಯತಿ ಕಚೇರಿಗಳಲ್ಲಿ ಹಳೆಯದು. ಪೂರ್ವ ಜತ್ತದ ಮಟ್ಟಿಗೆ ಈ ದೂರಿನ ಇನ್ನೊಂದು ಮಗ್ಗುಲನ್ನು ಯಾರೂ ನೋಡುವುದಿಲ್ಲ. ದೀಪಾವಳಿ ಹೊತ್ತಿಗೆ ಇಲ್ಲಿನ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ಕೃಷ್ಣಾ ತೀರದ, ಕೊಲ್ಹಾಪುರ ಭಾಗದ, ಕರ್ನಾಟಕದ ಕಾರಖಾನೆಗಳ ಕಡೆ ಗ್ಯಾಂಗು ಕಟ್ಟಿ ಹೋಗುತ್ತವೆ. ಮನೆಗೆ ಬೀಗ, ಒಳಗೆ ಮುದುಕರು. ತಿರುಗಿ ಬರುವುದು ಯುಗಾದಿ ಆಸುಪಾಸು. ಪಂಚಾಯತಿಯ ವಸೂಲಿ ಮೋಹಿಮೆ ಜೋರಾಗುವುದು ಯಾವಾಗ? ಜನವರಿಯಿಂದ ಮಾರ್ಚ್ 31ರ ತನಕ. ಅಂದರೆ ಕೊಡುವವರು ಊರಲ್ಲಿ ಇಲ್ಲದ ಮೂರು ತಿಂಗಳು. ‘ಐದ ತಿಂಗಳ ನಾವು ಇರಲೇ ಇಲ್ಲ, ನೀರ ಕುಡಿಲಿಲ್ಲ, ಪಟ್ಟಿ ಯಾಕ?’ ಎಂಬ ವಾದವೂ ಏಳುತ್ತದೆ. ಅದರಲ್ಲಿ ಅರ್ಧ ನ್ಯಾಯವಿದೆ, ಅರ್ಧವಿಲ್ಲ. ಮೋಟಾರು, ಟಾಕಿ, ಕರ್ಮಚಾರಿ ಅವರು ಇಲ್ಲದಾಗಲೂ ಇರಲೇಬೇಕಲ್ಲ. ಹಂಗಾಮಿಗೆ ಹೋಗುವ ಮನೆಗೆ ಕಡಿಮೆ ದರ, ಗ್ಯಾಂಗು ಬಂದು ಮುಕಾದಮನ ಹಿಶೋಬ ಮುಗಿದ ಮೇಲೆ ಏಪ್ರಿಲ್-ಮೇದಲ್ಲಿ ವಸೂಲಿ ಎಂದು ಮಾಡಿದರೆ ಬರುವ ಹಣ ಈಗಿನದಕ್ಕಿಂತ ಹೆಚ್ಚೇ ಆದೀತು. ಇದಕ್ಕೆ ಮಂತ್ರಾಲಯದ ಆದೇಶ ಕಾಯಬೇಕಿಲ್ಲ. ಮೇ 1ರ ಗ್ರಾಮಸಭೆ ಸಾಕು.

ಮೇಲಿನ ಹಂತದಲ್ಲೂ ಇದೇ ಕಥೆ. ಮ್ಹೈಸಾಳ, ತಾಕಾರಿ, ಟೆಂಭೂ ಪಂಪುಗಳು ಕರೆಂಟ್ ಬಿಲ್ ಬಾಕಿಯಿಂದ ಎಷ್ಟು ಸಲ ನಿಂತವು ಎಂಬುದು ಈ ಜಿಲ್ಲೆಯ ರೈತರಿಗೆ ಹೇಳಬೇಕಿಲ್ಲ. ಕೊನೆಗೆ 2018ರಲ್ಲಿ ಬಿಲ್ಲಿನ ಶೇ 81 ಸರಕಾರದ್ದು, ಶೇ 19 ರೈತರದ್ದು ಎಂದು ಆಯಿತು. ದೊಡ್ಡ ಪಂಪುಗಳಿಗೆ ಒಂದು ಸೂತ್ರ ಸಿಕ್ಕಿತು. ಊರ ನಳದ ಸಣ್ಣ ಮೋಟಾರಿಗೆ ಅಂಥದ್ದೊಂದು ಸಿಕ್ಕಿಲ್ಲ.

ಸಮಿತಿ ಉಂಟು, ಸಭೆ ಎಲ್ಲಿ?

ಊರಿನ ನೀರು ಊರೇ ನೋಡಿಕೊಳ್ಳಬೇಕೆಂಬ ವಿಚಾರ ಸಾಂಗಲಿ ಜಿಲ್ಲೆಗೆ ಹೊಸದಲ್ಲ. ಸಂತ ಗಾಡಗೇಬಾಬಾ ಗ್ರಾಮ ಸ್ವಚ್ಛತಾ ಅಭಿಯಾನವನ್ನು 2000ದಲ್ಲಿ ಶುರು ಮಾಡಿದ ಅಂದಿನ ಗ್ರಾಮವಿಕಾಸ ಮಂತ್ರಿ ದಿ. ಆರ್.ಆರ್. ಪಾಟೀಲ ತಾಸಗಾಂವ ತಾಲೂಕಿನ ಅಂಜನಿಯವರು. ಆಗ ಊರವರೇ ಪೊರಕೆ ಹಿಡಿದು ಗಟಾರ ತೆಗೆದ ನೆನಪು ಇಂದಿಗೂ ಇದೆ. 2003ರಿಂದ ವಿಶ್ವಬ್ಯಾಂಕ್ ನೆರವಿನ ಜಲಸ್ವರಾಜ್ಯ ಬಂತು, ಯೋಜನೆಯ ಖರ್ಚಿನಲ್ಲಿ ಊರಿನ ವರ್ಗಣಿ ಶೇ 10 ಎಂದಿತು. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ ಮಿಷನ್ ಕೂಡ ಅದನ್ನೇ ಹೇಳುತ್ತದೆ. ಊರಿಗೊಂದು ಪಾಣಿಪುರವಠಾ ಹಾಗೂ ಸ್ವಚ್ಛತಾ ಸಮಿತಿ, ಅದರಲ್ಲಿ ಅರ್ಧ ಹೆಣ್ಮಕ್ಕಳು, ನೀರು ಪರೀಕ್ಷೆಗೆ ಊರಿಗೆ ಐದು ಹೆಣ್ಮಕ್ಕಳಿಗೆ ತರಬೇತಿ, ಅವರ ಕೈಗೆ ಪರೀಕ್ಷೆಯ ಕಿಟ್.

ಕಾಗದದ ಮೇಲೆ ಇದು ಚೆಂದ. ಸಮಿತಿಯ ಹೆಣ್ಮಕ್ಕಳಿಗೆ ತಾವು ಸದಸ್ಯರೆಂದು ಗೊತ್ತಿದೆಯೇ ಎಂದು ಪ್ರತಿ ಊರಿನ ಓದುಗರು ತಮ್ಮ ಮನೆಯಲ್ಲೇ ಕೇಳಿ ನೋಡಬಹುದು. ಸಭೆಯ ನೋಟಿಸು ಮರಾಠಿ, ಇತಿವೃತ್ತಾಂತ ಮರಾಠಿ, ತರಬೇತಿಯ ಪುಸ್ತಕ ಮರಾಠಿ. ಗಂಡಸರು ಸಂತೆ, ಕಚೇರಿ ತಿರುಗಿ ಮರಾಠಿ ಕಲಿತಿರುತ್ತಾರೆ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ನಾಲ್ಕೋ ಏಳೋ ಕಲಿತು, ಚಡಚಣ, ಅಥಣಿ ಕಡೆಯಿಂದ ಸೊಸೆಯಾಗಿ ಬಂದ ಹೆಣ್ಮಗಳಿಗೆ ಆ ನೋಟಿಸು ಬರೀ ಕಾಗದ. ಮರಾಠಿ ರಾಜ್ಯದ ಆಡಳಿತ ಭಾಷೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಒಂದು ಪ್ರದೇಶದಲ್ಲಿ ಶೇ 15ಕ್ಕಿಂತ ಹೆಚ್ಚು ಜನ ಬೇರೆ ಭಾಷೆಯವರಿದ್ದರೆ ಮುಖ್ಯ ನೋಟಿಸು, ನಿಯಮ ಅವರ ಭಾಷೆಯಲ್ಲೂ ಇರಬೇಕೆಂಬುದು ಭಾಷಿಕ ಅಲ್ಪಸಂಖ್ಯಾತರಿಗೆ ದೇಶ ಒಪ್ಪಿದ ರಕ್ಷಣೆಗಳಲ್ಲಿ ಒಂದು. ಇದಕ್ಕೆ ಹೊಸದಾಗಿ ಅನುವಾದ ಮಾಡಿಸುವ ಖರ್ಚೂ ಇಲ್ಲ. ಇದೇ ಜಲಜೀವನ ಮಿಷನ್ ಕರ್ನಾಟಕದಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಲ್ಲಿ ನಡೆದಿದೆ, ಅದರ ಮಾಹಿತಿ ಎಲ್ಲ ಕನ್ನಡದಲ್ಲೇ ಇದೆ. ಸಾಂಗಲಿ ಜಿಲ್ಲಾ ಪರಿಷತ್ತು ವಿಜಯಪುರ ಜಿಲ್ಲಾ ಪಂಚಾಯತಿಗೆ ಒಂದು ಪತ್ರ ಬರೆದರೆ ಮುಗಿಯಿತು. ಟಿಎಂಸಿ ನೀರು ಗಡಿ ದಾಟಲು ಎರಡು ಸರಕಾರ ಕೂಡಬೇಕು, ಒಂದು ಪುಸ್ತಕ ದಾಟಲು ಬಸ್ಸು ಸಾಕು.

ಪೌಡರಿನ ಮಾತೂ ಇಲ್ಲೇ ಬರುತ್ತದೆ. ಮಹಾರಾಷ್ಟ್ರದ ಪ್ರತಿ ಗ್ರಾಮಪಂಚಾಯತಿಯಲ್ಲಿ ಒಬ್ಬ ಜಲಸುರಕ್ಷಕ ಇರಬೇಕು. ಹೆಚ್ಚಿನ ಕಡೆ ಅದೂ ನೀರು ಬಿಡುವವನ ತಲೆಗೇ ಕಟ್ಟಿದ ಕೆಲಸ. ಟಿಸಿಎಲ್ ಪೌಡರ್ ಕಲಸಿ ಹಾಕುವುದು, ಕೊನೆಯ ನಳದ ನೀರು ಹಿಡಿದು ಓಟಿ ಟೆಸ್ಟ್ ಮಾಡುವುದು. ನೀರು ಹಳದಿಯಾದರೆ ಕ್ಲೋರಿನ್ ಇದೆ ಎಂದರ್ಥ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ವರ್ಷಕ್ಕೆರಡು ಸಲ ತಪಾಸಣೆ ಆಗಿ ಪಂಚಾಯತಿಗೆ ಹಸಿರು, ಹಳದಿ, ಕೆಂಪು ಕಾರ್ಡು ಕೊಡುತ್ತಾರೆ. ಪೌಡರಿನ ಚೀಲ ಬಾಯಿ ಕಟ್ಟದೆ ಪಂಚಾಯತಿ ಮೂಲೆಯಲ್ಲಿ ಬಿದ್ದರೆ ಅದರ ಕಸುವು ತಿಂಗಳೊಪ್ಪತ್ತಿನಲ್ಲಿ ಇಳಿದು ಹೋಗುತ್ತದೆ, ಆಮೇಲೆ ಹಾಕಿದ್ದು ಸುಣ್ಣಕ್ಕೆ ಸಮ. ತಮ್ಮ ಊರಿಗೆ ಯಾವ ಬಣ್ಣದ ಕಾರ್ಡು ಬಂದಿದೆ ಎಂದು ಕೇಳುವುದು ಪ್ರತಿಯೊಬ್ಬರ ಹಕ್ಕು. ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರ ದಾನಮ್ಮದೇವಿಗೆ ಕರ್ನಾಟಕದಿಂದ ನಡೆದು ಬರುವ ಭಕ್ತರು ದಾರಿಯ ಈ ಊರುಗಳ ನೀರನ್ನೇ ಕುಡಿಯುತ್ತಾರೆ ಎಂಬುದನ್ನೂ ಮರೆಯಬಾರದು.

ಇನ್ನು ಪೈಪಿನ ಕಾಮಗಾರಿ. ಜಲಜೀವನ ಮಿಷನ್ 2024ಕ್ಕೆ ಮುಗಿಯಬೇಕಿತ್ತು, 2025ರ ಕೇಂದ್ರ ಬಜೆಟ್ಟಿನಲ್ಲಿ 2028ರ ತನಕ ಮುಂದುವರಿಸಿದರು. ಗುತ್ತಿಗೆದಾರರ ಬಿಲ್ ಬಾಕಿಯ ಕೂಗು 2025ರಲ್ಲಿ ಮಹಾರಾಷ್ಟ್ರದ ತುಂಬ ಕೇಳಿತು. ಅರೆಬರೆ ಕೆಲಸವನ್ನು ‘ಪೂರ್ಣ’ ಎಂದು ಪಂಚಾಯತಿಗೆ ದಾಟಿಸುವ ಅವಸರ ಇಂಥ ಹೊತ್ತಿನಲ್ಲೇ ಆಗುವುದು. ತಾಬಾ ತೆಗೆದುಕೊಳ್ಳುವ ಕಾಗದಕ್ಕೆ ಸರಪಂಚ ಮತ್ತು ಗ್ರಾಮಪಂಚಾಯತಿ ಅಧಿಕಾರಿ ಸಹಿ ಮಾಡುವ ಮೊದಲು ಕೊನೆಯ ಓಣಿಯ ಕೊನೆಯ ನಳಕ್ಕೆ ನೀರು ಹತ್ತುತ್ತದೆಯೇ ಎಂದು ನೋಡಬೇಕು. ಅದನ್ನು ಬಲ್ಲವನು ಊರಿನಲ್ಲಿ ಒಬ್ಬನೇ. ಯಾವ ವಾಲು ಜಾಮ್ ಆಗಿದೆ, ಯಾವ ತಿರುವಿನಲ್ಲಿ ಪೈಪು ಮೇಲೇ ಹೂತಿದ್ದಾರೆ, ಯಾವ ಮನೆಗೆ ನಳ ಕೂಡಿಸದೆ ಫೋಟೋ ತೆಗೆದಿದ್ದಾರೆ ಎಲ್ಲ ಅವನಿಗೆ ಗೊತ್ತು. ಸಮಿತಿಯ ಸಭೆಯಲ್ಲಿ ಅವನಿಗೆ ಕುರ್ಚಿ ಇಲ್ಲ, ಚಹಾ ತರಲು ಕಳಿಸುತ್ತಾರೆ.